ಬೇವಿನ ಹೂ ಕೇಳಲು ನಾಚಬೇಡಿ

ಶಿವರಾತ್ರಿ ಬಂದರೆ ಚಳಿ ‘ಶಿವ ಶಿವಾ’ ಅಂತ ಓಡಿಹೋಗುತ್ತದೆ ಅನ್ನುತ್ತಾರೆ ನಮ್ಮ ಕಡೆ. ಚಳಿ ಆ ಕಡೆ ಹೋಗುತ್ತಿದ್ದಂತೆ ಈ ಕಡೆಯಿಂದ ಹಬ್ಬಗಳು ಒಂದರ ಹಿಂದೆ ಒಂದು ಬರುತ್ತವೆ. ಶಿವರಾತ್ರಿ, ಮಾರಿಜಾತ್ರೆ, ಕಾಮನ ಹುಣ್ಣಿಮೆ, ಯುಗಾದಿ, ಯುಗಾದಿಯಿಂದ ಎಣಿಸಿ ಒಂಬತ್ತನೇ ದಿನಕ್ಕೆ ರಾಮನವಮಿ. ಶಿವಮೊಗ್ಗ, ಭದ್ರಾವತಿಯಲ್ಲೇ ಹುಟ್ಟಿ ಬೆಳೆದವರಿಗೆ ಇವು ಕೈ ಬಿಡುವಿಲ್ಲದ ದಿನಗಳು. ಹೊಸದಾಗಿ ಮನೆ ಮಾಡಿದವರಿಗೆ ಮಾತ್ರ ಇದೇ ದಿನಗಳು ಭಾರ. ಉಳಿದ ದಿನ ಹೇಗೋ ಕಳೆಯುತ್ತದೆ, ಕಚೇರಿ ಇದೆ, ಕಾಲೇಜಿದೆ, ಮಕ್ಕಳ ಶಾಲೆ ಇದೆ. ಹಬ್ಬದ ದಿನ ಪಕ್ಕದ ಮನೆಯಲ್ಲಿ ಬೆಳಗಿನ ಜಾವದಿಂದ ಪಾತ್ರೆ ಸದ್ದು, ಬೇಳೆ ಬೇಯುವ ವಾಸನೆ, ನೆಂಟರ ಚಪ್ಪಲಿಗಳ ಸಾಲು. ನಿಮ್ಮ ಮನೆಯಲ್ಲಿ ಫ್ಯಾನು ತಿರುಗುವ ಸದ್ದೊಂದೇ.

ಮದುವೆಯಾಗಿ ಗೋಪಾಳದ ಬಾಡಿಗೆ ಮನೆಗೆ ಬಂದ ಹುಡುಗಿಯರಿದ್ದೀರಿ. ವರ್ಗಾವಣೆಯಾಗಿ ವಿನೋಬನಗರದಲ್ಲಿ ಮನೆ ಹಿಡಿದವರಿದ್ದೀರಿ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಓದಲು ಬಂದು ಭದ್ರಾವತಿಯಲ್ಲಿ ರೂಮು ಮಾಡಿದ ಹುಡುಗರಿದ್ದೀರಿ. ಹೊಸನಗರ, ತೀರ್ಥಹಳ್ಳಿ ಕಡೆಯ ತೋಟದ ಮನೆ ಬಿಟ್ಟು ಮಗನ ಫ್ಲಾಟಿಗೆ ಬಂದು ಕಿಟಕಿ ಪಕ್ಕ ಕುರ್ಚಿ ಹಾಕಿಕೊಂಡು ಕೂತ ಹಿರಿಯರೂ ಇದ್ದೀರಿ. ನಿಮಗೆಲ್ಲ ನಾನು ಹೇಳಬೇಕಾದದ್ದು ಮುಖ್ಯವಾಗಿ ಒಂದೇ. ಹೊಸ ಊರಲ್ಲಿ ಹಬ್ಬ ಮಾಡುವಾಗ ಕೊಡುವುದಕ್ಕಿಂತ ಮೊದಲು ಕೇಳಿ.

ಇದು ನಿಮಗೆ ವಿಚಿತ್ರ ಅನ್ನಿಸಬಹುದು. ಹೊಸಬರು ಪರಿಚಯ ಮಾಡಿಕೊಳ್ಳಬೇಕಾದರೆ ಬೇಕರಿಯಿಂದ ಸ್ವೀಟು ಬಾಕ್ಸು ತಂದು ಅಕ್ಕಪಕ್ಕ ಹಂಚಬೇಕು ಅಂದುಕೊಂಡಿರುತ್ತೀರಿ. ಹಂಚಿ, ಬೇಡ ಅನ್ನುವುದಿಲ್ಲ. ಆದರೆ ಗುರುತಿಲ್ಲದವರು ಬಾಗಿಲಿಗೆ ಬಂದು ಬಾಕ್ಸು ಕೊಟ್ಟರೆ ತೆಗೆದುಕೊಂಡವರಿಗೆ ಮೊದಲು ಹೊಳೆಯುವುದು, ಇವರಿಗೆ ತಿರುಗಿ ಏನು ಕೊಡಬೇಕಪ್ಪಾ ಅಂತ. ಅದೇ ನೀವು ಹೋಗಿ, “ಅಕ್ಕಾ, ನಾವು ಹೊಸಬರು, ಇಲ್ಲಿ ಬೇವಿನ ಹೂ ಎಲ್ಲಿ ಸಿಗುತ್ತೆ?” ಅಂತ ಕೇಳಿ ನೋಡಿ. ಆ ಅಕ್ಕ ಆ ಕ್ಷಣಕ್ಕೆ ನಿಮಗಿಂತ ಹಿರಿಯಳಾಗುತ್ತಾಳೆ, ಊರಿನವಳಾಗುತ್ತಾಳೆ. ಹಿತ್ತಲಿನ ಮರ ತೋರಿಸುತ್ತಾಳೆ, ಇಲ್ಲವೆ ಮೂರನೇ ಮನೆಯವರನ್ನು ಕೂಗಿ ಕರೆಯುತ್ತಾಳೆ. ಮಾವಿನ ಎಲೆ ಬೇಕಾ, ಬಾಳೆ ಎಲೆ ಬೇಕಾ, ಹಾಲು ಯಾವಾಗ ತರ್ತೀರಿ, ನಿಮ್ಮ ಊರು ಯಾವುದು ಅಂತ ಮಾತು ತಾನಾಗಿ ಬೆಳೆಯುತ್ತದೆ. ಅತ್ತರೆ ತಾನೆ ತಾಯಿಯೂ ಹಾಲು ಕೊಡುವುದು? ಬಾಯಿ ಮುಚ್ಚಿಕೊಂಡು ಕೂತು ‘ಈ ಊರಿನವರು ಮಾತೇ ಆಡಿಸುವುದಿಲ್ಲ’ ಅಂದರೆ ಊರಿನವರು ಏನು ಮಾಡಬೇಕು ಹೇಳಿ.

ಕೇಳುವುದಕ್ಕೂ ಕ್ರಮವಿದೆ. ಹಬ್ಬದ ದಿನ ಬೆಳಿಗ್ಗೆ ಏಳು ಗಂಟೆಗೆ, ಅವರು ಎಣ್ಣೆ ಹಚ್ಚಿಕೊಂಡು ಸ್ನಾನಕ್ಕೆ ಹೊರಟಾಗ ಹೋಗಿ ಬೆಲ್ಲು ಒತ್ತಬೇಡಿ. ಹಿಂದಿನ ದಿನ ಸಂಜೆ, ರಂಗೋಲಿಗೆ ಅಂಗಳ ತೊಳೆಯುವ ಹೊತ್ತಿಗೆ ಹೋಗಿ. ದುಡ್ಡಿನ ಸಾಲ, ಬಂಗಾರ, ಗಾಡಿ ಇವನ್ನು ಕೇಳಬೇಡಿ. ಒಂದು ಹಿಡಿ ಹೂ, ಎರಡು ಕುಡಿ ಮಾವಿನೆಲೆ, ಹೋಳಿಗೆ ಮಣೆ, ಪೂಜೆಯ ಹೊತ್ತು, ದೇವಸ್ಥಾನದ ದಾರಿ, ಇಷ್ಟು ಸಾಕು. ಮರ ಅವರದ್ದಾದರೆ ಅವರನ್ನು ಕೇಳಿಯೇ ಕೀಳಿ. ರಸ್ತೆ ಬದಿಯ ಮರವಾದರೂ ಕೊಂಬೆಯನ್ನೇ ಮುರಿದು ತರಬೇಡಿ, ನಾಲ್ಕು ಗೊಂಚಲು ಬಿಡಿಸಿಕೊಳ್ಳಿ. ಇರುವೆ ಉದುರುವಂತೆ ಕೊಡವಿ, ನೆರಳಲ್ಲಿ ಹರಡಿ, ಹೂವನ್ನಷ್ಟೇ ಬಿಡಿಸಿಡಿ. ಬಿಸಿಲಲ್ಲಿ ಒಣಗಿಸಿದರೆ ಕಪ್ಪಾಗುತ್ತದೆ.

ಹೊಸಬರಾಗಿರುವುದು ಈ ಜಿಲ್ಲೆಯಲ್ಲಿ ನಾಚಿಕೆಯ ಸಂಗತಿಯೇ ಅಲ್ಲ, ಅದನ್ನೂ ತಿಳಿದುಕೊಳ್ಳಿ. ಭದ್ರಾವತಿಯನ್ನೇ ನೋಡಿ. ಬೆಂಕಿಪುರ ಅಂತ ಕರೆಯುತ್ತಿದ್ದ ಸಣ್ಣ ಊರು ಅದು. ಹಳೇನಗರದಲ್ಲಿ ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಸ್ಥಾನ, ಪಕ್ಕದಲ್ಲಿ ಭದ್ರಾ ಹೊಳೆ, ಸುತ್ತ ಕಾಡು. 1923ರಲ್ಲಿ ಕಬ್ಬಿಣದ ಕಾರ್ಖಾನೆಯ ಕುಲುಮೆ ಉರಿಯಲು ಶುರುವಾಯಿತು, ವಿಶ್ವೇಶ್ವರಯ್ಯನವರು ಅದನ್ನು ಕಟ್ಟಿ ಬೆಳೆಸಿದರು. 1936ರಲ್ಲಿ ಕಾಗದದ ಕಾರ್ಖಾನೆಯೂ ಹುಟ್ಟಿಕೊಂಡಿತು. ಕೆಲಸ ಹುಡುಕಿಕೊಂಡು ತಮಿಳುನಾಡಿನವರು, ಆಂಧ್ರದವರು, ಕೇರಳದವರು, ಮರಾಠಿಯವರು, ನಮ್ಮದೇ ಬಯಲುಸೀಮೆಯವರು ಪೆಟ್ಟಿಗೆ ಹಿಡಿದು ಬಂದು ಇಳಿದರು. ನ್ಯೂಟೌನ್, ಪೇಪರ್ ಟೌನ್, ಜನ್ನಾಪುರದ ಬೀದಿಗಳಲ್ಲಿ ಈಗ ‘ನಾವು ಇಲ್ಲಿನವರೇ’ ಅನ್ನುವ ಎಷ್ಟೋ ಮನೆಗಳ ಅಜ್ಜ ಅಜ್ಜಿ ಒಂದು ಕಾಲಕ್ಕೆ ನಿಮ್ಮ ಹಾಗೇ ಬೇವಿನ ಮರ ಹುಡುಕಿದವರು. ಶಿವಮೊಗ್ಗದ ಸುತ್ತಿನ ಹಳ್ಳಿಗಳಲ್ಲಿ ಶರಾವತಿಯ ಮುಳುಗಡೆಯಿಂದ ಎದ್ದು ಬಂದವರಿದ್ದಾರೆ. 1960ರ ದಶಕದಲ್ಲಿ ಲಿಂಗನಮಕ್ಕಿ ಅಣೆಕಟ್ಟೆಯ ನೀರು ಏರಿದಾಗ ಗದ್ದೆ, ಮನೆ, ದೇವರಕಟ್ಟೆ ಎಲ್ಲ ಬಿಟ್ಟು ಲಾರಿಯಲ್ಲಿ ಬಂದು ಗುರುತಿಲ್ಲದ ಕಾಡಿನಂಚಲ್ಲಿ ಇಳಿದ ಜನ. ಅವರೂ ಆ ವರ್ಷ ಯುಗಾದಿ ಮಾಡಲೇಬೇಕಿತ್ತು. ನಿಮಗಿರುವಷ್ಟು ಗೋಡೆ, ಒಲೆ, ನಲ್ಲಿ ನೀರೂ ಆಗ ಅವರಿಗಿರಲಿಲ್ಲ.

ನಾನು ಮದುವೆಯಾಗಿ ಬಂದದ್ದು ನ್ಯೂಟೌನಿನ ಕ್ವಾರ್ಟರ್ಸಿಗೆ. ನಮ್ಮ ಸಾಲಿನಲ್ಲಿ ವರ್ಷಕ್ಕೆ ಎರಡು ಹೊಸ ವರ್ಷ. ಮೊದಲು ನಮ್ಮ ಚಾಂದ್ರಮಾನ ಯುಗಾದಿ, ಆಮೇಲೆ ಏಪ್ರಿಲ್ 14ರ ಸುಮಾರಿಗೆ ತಮಿಳರ ಪುತ್ತಾಂಡು, ಮಲೆಯಾಳಿಗಳ ವಿಷು. ಬೇವು ಎಲ್ಲ ಕಡೆ ಇತ್ತು, ರುಚಿ ಮಾತ್ರ ಬೇರೆ ಬೇರೆ. ನಮ್ಮದು ಬೇವಿನ ಹೂ, ಬೆಲ್ಲ, ಸ್ವಲ್ಪ ಹುರಿಗಡಲೆ ಪುಡಿ. ತೆಲುಗರ ಮನೆಯ ಪಚ್ಚಡಿ ನೀರುನೀರಾಗಿ, ಹುಣಸೆ, ಮಾವಿನಕಾಯಿ, ಖಾರ, ಉಪ್ಪು ಎಲ್ಲ ಸೇರಿ ಆರು ರುಚಿ. ಪುತ್ತಾಂಡಿಗೆ ತಮಿಳಮ್ಮನ ಮನೆಯ ಮಾಂಗಾಯ್ ಪಚ್ಚಡಿ ಬಾಗಿಲಿಗೆ ಬರುತ್ತಿತ್ತು, ಬೆಂದ ಮಾವಿನಕಾಯಿ ಬೆಲ್ಲದಲ್ಲಿ ಮುಳುಗಿ, ಮೇಲೆ ತುಪ್ಪದಲ್ಲಿ ಹುರಿದ ಬೇವಿನ ಹೂ. ಹುರಿದ ಬೇವಿನ ಹೂವಿನ ಕಹಿ ಅಷ್ಟು ಘಮ ಅಂತ ನಮ್ಮ ಊರಿನವರು ಯಾರೂ ನನಗೆ ಹೇಳಿರಲಿಲ್ಲ. ನೀವು ಭದ್ರಾವತಿಗೆ ಬಂದಿದ್ದರೆ ಈ ಭಾಗ್ಯ ನಿಮಗೂ ಇದೆ, ಕಳೆದುಕೊಳ್ಳಬೇಡಿ. ಪಕ್ಕದವರ ಹಬ್ಬ ಯಾವಾಗ ಅಂತ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಆ ದಿನ ಬೆಳಿಗ್ಗೆ ಎದುರು ಸಿಕ್ಕಾಗ ಶುಭಾಶಯ ಹೇಳಿ. ಅಷ್ಟಕ್ಕೇ ಅವರಿಗೆ ಎಷ್ಟು ಸಂತೋಷ ಆಗುತ್ತದೆ ನೋಡಿ.

ಈಗ ಸ್ವಲ್ಪ ಬೈಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಮೊದಲನೆಯದು ಆ ಮೊಬೈಲು. ಹಬ್ಬದ ಬೆಳಿಗ್ಗೆ ಎದ್ದ ಕೂಡಲೆ ಅಣ್ಣನ ಮನೆಯ ತೋರಣ, ಓರಗಿತ್ತಿಯ ಸೀರೆ, ಗೆಳತಿಯ ಮನೆಯ ಎಲೆ ಊಟ ಎಲ್ಲ ನೋಡಿಕೊಂಡು ಹಾಸಿಗೆಯಲ್ಲೇ ಕೂತರೆ ಅಳು ಬಾರದೆ ಇನ್ನೇನು ಬಂದೀತು? ದೂರದ ಬೆಟ್ಟ ನುಣ್ಣಗೆ ಕಾಣುತ್ತದೆ. ಅಲ್ಲಿ ಅಡುಗೆಮನೆಯಲ್ಲಿ ಯಾರು ಯಾರ ಮೇಲೆ ಸಿಡುಕಿದರು ಅನ್ನುವುದು ಫೋಟೋದಲ್ಲಿ ಬರುವುದಿಲ್ಲ. ಮನೆಗೆ ಫೋನು ಮಾಡಿ, ಖಂಡಿತ ಮಾಡಿ, ಆದರೆ ನಿಮ್ಮ ಪೂಜೆ, ಊಟ ಮುಗಿದ ಮೇಲೆ ಮಾಡಿ. ಆಗ ಹೇಳಲು ನಿಮ್ಮ ಹತ್ತಿರವೂ ನಾಲ್ಕು ಮಾತಿರುತ್ತವೆ. ಅಮ್ಮನಿಗೂ ನೆಮ್ಮದಿ. ಬೆಳಿಗ್ಗೆಯೇ ವಿಡಿಯೊ ಕಾಲ್ ಮಾಡಿ ಅತ್ತರೆ ಅಲ್ಲಿ ಒಬ್ಬಟ್ಟು ತಟ್ಟುತ್ತಿದ್ದ ಅವರ ಕೈಯೂ ನಿಂತುಹೋಗುತ್ತದೆ.

ಎರಡನೆಯದು ‘ನಮ್ಮೂರಲ್ಲಾದರೆ’ ಅನ್ನುವ ಮಾತು. ನಮ್ಮೂರಲ್ಲಾದರೆ ಹೋಳಿಗೆ ಹೀಗಲ್ಲ, ನಮ್ಮೂರಲ್ಲಾದರೆ ಹಲಗೆ ಬಾರಿಸಿದರೆ ಊರೇ ನಡುಗುತ್ತದೆ, ಇಲ್ಲಿ ಏನೂ ಇಲ್ಲ. ಹುಬ್ಬಳ್ಳಿ, ಗದಗದ ಕಡೆಯಿಂದ ಬಂದವರ ಬಾಯಲ್ಲಿ ಕಾಮನ ಹುಣ್ಣಿಮೆಯ ಹೊತ್ತಿಗೆ ಇದು ಬಂದೇ ಬರುತ್ತದೆ. ನಿಮ್ಮೂರಿನ ಹಬ್ಬ ದೊಡ್ಡದಿರಬಹುದು, ಒಪ್ಪುತ್ತೇನೆ. ಆದರೆ ಅದನ್ನು ಇಲ್ಲಿಯವರ ಮುಖಕ್ಕೆ ಹೇಳಿದರೆ ಮುಂದಿನ ಸಲ ಅವರು ಕರೆಯುವುದಿಲ್ಲ. ಅದೇ ಮಾತನ್ನು ಕತೆ ಮಾಡಿ ಹೇಳಿ. ಕಾಮಣ್ಣನಿಗೆ ಕಟ್ಟಿಗೆ ಕದಿಯಲು ಹೋಗುತ್ತಿದ್ದದ್ದು, ಬೆರಣಿ ಬಚ್ಚಿಟ್ಟದ್ದು, ಬೂದಿ ಹಚ್ಚಿಕೊಂಡು ಮನೆಗೆ ಬಂದದ್ದು. ಬೀದಿಯ ಮಕ್ಕಳು ಸುತ್ತ ಕೂತು ಕೇಳುತ್ತಾರೆ. ಮಾತು ಅದೇ, ಆಡುವ ರೀತಿ ಬೇರೆ.

ಮೂರನೆಯದು, ಮಾಡಿದರೆ ಅಮ್ಮ ಮಾಡಿದ ಹಾಗೇ ಮಾಡಬೇಕು, ಇಲ್ಲದಿದ್ದರೆ ಏನೂ ಬೇಡ ಅನ್ನುವ ಹಟ. ಆ ಹಟದಲ್ಲೇ ಹಬ್ಬದ ದಿನ ಮೊಬೈಲಿನಲ್ಲಿ ಬಿರಿಯಾನಿ ತರಿಸಿ ತಿಂದು ಮಲಗುವವರಿದ್ದಾರೆ. ಹಾಸಿಗೆ ಇದ್ದಷ್ಟು ಕಾಲು ಚಾಚಿ. ಇಬ್ಬರಿಗೆ ಹಬ್ಬ ಅಂದರೆ ಕಾಲು ಕೆಜಿ ಕಡಲೆಬೇಳೆ, ಅಷ್ಟೇ ತೂಕದ ಬೆಲ್ಲ. ಬೇಳೆ ಬೆರಳಿಗೆ ಹಿಚುಕಿದರೆ ಮುರಿಯಬೇಕು, ಕರಗಬಾರದು. ಬಸಿದ ಕಟ್ಟು ಚೆಲ್ಲಬೇಡಿ, ಹೋಳಿಗೆ ಸಾರಿಗೆ ಅದೇ ಜೀವ. ಕಣಕವನ್ನು ಎಣ್ಣೆಯಲ್ಲಿ ಎರಡು ಗಂಟೆಯಾದರೂ ನೆನೆಯಲು ಬಿಡಿ. ಹೂರಣ ನೀರಾಯಿತು ಅಂತ ಗಾಬರಿಯಾಗಬೇಡಿ, ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಮಗುಚುತ್ತಾ ಇದ್ದರೆ ಗಟ್ಟಿಯಾಗುತ್ತದೆ. ಹೆಚ್ಚು ಕಡಿಮೆ ಹದಿನೈದು ಹೋಳಿಗೆ ಆಗುತ್ತವೆ. ಐದು ನಿಮಗೆ, ಉಳಿದವು ಹಂಚಲು. ಹೋಳಿಗೆ ಬಾರದಿದ್ದರೆ ಮಾವಿನಕಾಯಿ ಚಿತ್ರಾನ್ನ, ಹೆಸರುಬೇಳೆ ಕೋಸಂಬರಿ, ಒಂದು ಪಾಯಸ ಮಾಡಿ. ರೂಮಿನಲ್ಲಿರುವ ಹುಡುಗರಿಗೆ ಅದೂ ಆಗದಿದ್ದರೆ ಎಣ್ಣೆ ಹಚ್ಚಿ ಬಿಸಿನೀರು ಹಾಕಿಕೊಂಡು, ಒಗೆದ ಬಟ್ಟೆ ಉಟ್ಟು, ಬೇವು ಬೆಲ್ಲ ತಿಂದು, ಮೆಸ್ಸಿನ ಊಟಕ್ಕಾದರೂ ನಾಲ್ಕು ಜನ ಒಟ್ಟಿಗೆ ಹೋಗಿ. ಒಬ್ಬೊಬ್ಬರೇ ಪಾರ್ಸೆಲ್ ತಂದು ಬಾಗಿಲು ಹಾಕಿಕೊಂಡು ತಿನ್ನಬೇಡಿ. ಅದನ್ನು ಮಾತ್ರ ನಾನು ಒಪ್ಪುವುದಿಲ್ಲ.

ಸಾಮಾನು ಎಲ್ಲ ಹೊಸದೇ ಬೇಕು ಅಂತ ಕಂತಿನಲ್ಲಿ ಕೊಳ್ಳುವುದೂ ಬೇಡ. ಹಬ್ಬ ಒಂದು ದಿನ, ಕಂತು ಹನ್ನೆರಡು ತಿಂಗಳು. ನಿಮ್ಮ ಊರಿನದ್ದು ಒಂದೇ ಒಂದನ್ನು ಬಿಡದೆ ಇಟ್ಟುಕೊಳ್ಳಿ, ಅದು ಸಾಕು. ಸಾಗರ, ಸಿರ್ಸಿ ಕಡೆಯವರಾದರೆ ಆಲೆಮನೆಯ ಜೋನಿಬೆಲ್ಲ ಒಂದು ಬಾಟ್ಲಿ ತಂದಿಟ್ಟುಕೊಳ್ಳಿ, ದೋಸೆಗೆ ಹಾಕಿ ಪಕ್ಕದ ಮನೆ ಮಕ್ಕಳಿಗೆ ಕೊಡಿ. ಉಳಿದದ್ದನ್ನು ಈ ಊರು ಹೇಗೆ ಮಾಡುತ್ತದೋ ಹಾಗೆ ಮಾಡಿ.

ಈ ಊರು ಹೇಗೆ ಮಾಡುತ್ತದೆ ಅಂತ ನೋಡಬೇಕಾದರೆ ಶಿವಮೊಗ್ಗದ ಕೋಟೆ ಮಾರಿಕಾಂಬೆಯ ಜಾತ್ರೆಗೆ ಹೋಗಲೇಬೇಕು. ಇದು ಎರಡು ವರ್ಷಕ್ಕೊಮ್ಮೆ, ಫೆಬ್ರವರಿ ಮಾರ್ಚಿನಲ್ಲಿ ಬರುವ ಜಾತ್ರೆ. 2022, 2024 ಹೀಗೆ ಸಮಸಂಖ್ಯೆಯ ವರ್ಷಗಳಲ್ಲಿ. 2024ರಲ್ಲಿ ಮಾರ್ಚ್ 12ರ ಮಂಗಳವಾರ ಶುರುವಾಗಿ ಶನಿವಾರದವರೆಗೆ ಐದು ದಿನ ನಡೆಯಿತು. ಮೊದಲ ದಿನ ಅಮ್ಮ ಗಾಂಧಿ ಬಜಾರಿನಲ್ಲಿ ಕೂರುತ್ತಾಳೆ, ಅದು ಅವಳ ತವರುಮನೆ. ಊರಿನ ಹೆಂಗಸರು ಮಡಿಲಕ್ಕಿ ಹಿಡಿದು ಸಾಲು ನಿಲ್ಲುತ್ತಾರೆ. ಅಕ್ಕಿ, ಬೆಲ್ಲ, ತೆಂಗಿನಕಾಯಿ, ರವಿಕೆ ಕಣ, ಹಸಿರು ಬಳೆ, ವೀಳ್ಯದೆಲೆ, ಅಡಿಕೆ. ರಾತ್ರಿ ಮೆರವಣಿಗೆಯಲ್ಲಿ ಅವಳನ್ನು ಕೋಟೆ ರಸ್ತೆಯ ಗದ್ದುಗೆಗೆ ಕಳಿಸಿಕೊಡುತ್ತಾರೆ. ಮುಂದಿನ ದಿನಗಳಲ್ಲಿ ಬೇರೆ ಬೇರೆ ಸಮುದಾಯದವರು ಸರದಿಯಂತೆ ಪೂಜೆ ನಡೆಸುತ್ತಾರೆ. ಸಾಗರದ ಮಾರಿಕಾಂಬೆಗೂ ಹೀಗೇ ತವರುಮನೆ ಒಂದು ಗುಡಿ, ಗಂಡನ ಮನೆ ಇನ್ನೊಂದು ಗುಡಿ. ತವರು ಬಿಟ್ಟು ಹೋಗುವ ಸಂಕಟ ನಮ್ಮ ಕಡೆ ದೇವರಿಗೂ ಇದೆ, ಅವಳನ್ನು ಕಳಿಸಿಕೊಡಲು ಇಡೀ ಊರು ಬೀದಿಗೆ ಬರುತ್ತದೆ. ಹೊಸದಾಗಿ ಮದುವೆಯಾಗಿ ಬಂದ ಹುಡುಗಿ ಆ ಸಾಲಿನಲ್ಲಿ ನಿಂತರೆ ಮುಂದೆ ನಿಂತ ಅಜ್ಜಿ ‘ಯಾವ ಮನೆ ಸೊಸೆಯಮ್ಮ ನೀನು?’ ಅಂತ ಕೇಳಿಯೇ ಕೇಳುತ್ತಾಳೆ. ಮುಖ ಸಣ್ಣ ಮಾಡಿಕೊಳ್ಳದೆ ಉತ್ತರ ಹೇಳಿ. ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ?

ಆದರೆ ಜಾಗ್ರತೆ ಇರಲಿ. ಒಬ್ಬರೇ ಹೋಗುವ ಬದಲು ಬೀದಿಯಲ್ಲಿ ಯಾರು ಹೊರಟಿದ್ದಾರೆ ಕೇಳಿ, ಅವರ ಜೊತೆ ಹೊರಡಿ. ಮೈಮೇಲೆ ಬಂಗಾರ ಹೇರಿಕೊಂಡು ಹೋಗಬೇಡಿ. ಮಾರ್ಚಿನ ಬಿಸಿಲು, ಎಳೆ ಮಕ್ಕಳನ್ನು ಮಧ್ಯಾಹ್ನದ ಸಾಲಿಗೆ ನಿಲ್ಲಿಸಬೇಡಿ. ನೀರಿನ ಬಾಟ್ಲಿ ಇರಲಿ. ಗಲಾಟೆಯಲ್ಲಿ ಫೋನು ಕೇಳಿಸುವುದಿಲ್ಲ, ತಪ್ಪಿಸಿಕೊಂಡರೆ ಎಲ್ಲಿ ಸೇರುವುದು ಅಂತ ಮೊದಲೇ ಮಾತಾಡಿಕೊಳ್ಳಿ. ಬೆಂಡು ಬತ್ತಾಸು, ಮಂಡಕ್ಕಿ, ಖಾರ ಕೊಳ್ಳಿ. ಕೈತುಂಬ ಬಳೆ ತೊಡಿಸಿಕೊಳ್ಳಿ, ಬಳೆ ತೊಡಿಸುವವರ ಜಾತಿ ಮತ ಕೇಳಬೇಡಿ. ಜಾತ್ರೆಯ ದಿನಗಳಲ್ಲಿ ಮಾಂಸದೂಟದ ಮನೆಗಳಲ್ಲಿ ನೆಂಟರು ತುಂಬಿರುತ್ತಾರೆ, ಯುಗಾದಿಯ ಮರುದಿನ ಹೊಸತೊಡಕಿಗೂ ಹಾಗೇ. ನೀವು ತಿನ್ನುವವರಾದರೆ ಕರೆದಾಗ ಹೋಗಿ ಉಣ್ಣಿ. ತಿನ್ನದವರಾದರೆ ‘ನಾವು ತಿನ್ನಲ್ಲ ಅಕ್ಕಾ, ಮಜ್ಜಿಗೆ ಕೊಡಿ’ ಅಂತ ನಗುತ್ತಾ ಹೇಳಿ, ಹೋಗಿ ಕೂತು ಬನ್ನಿ. ಮೂಗು ಮುರಿದರೆ ಮನೆ ದೂರವಾಗುತ್ತದೆ.

ಜಾತ್ರೆ ಇಲ್ಲದ ವರ್ಷವೂ ಶಿವರಾತ್ರಿ ಇದೆ. ಊರಂಚಿನ ಹರಕೆರೆಯ ರಾಮೇಶ್ವರ ದೇವಸ್ಥಾನಕ್ಕೆ, ತುಂಗೆಯ ದಡಕ್ಕೆ, ಅವತ್ತು ಜನ ಹರಿದು ಬರುತ್ತಾರೆ. ತುಂಗಾ ಭದ್ರಾ ಸೇರುವ ಕೂಡಲಿಯೂ ಶಿವಮೊಗ್ಗದಿಂದ ಬಹಳ ದೂರವಿಲ್ಲ. ಜಾಗರಣೆಯ ರಾತ್ರಿಯನ್ನು ಮನೆಯಲ್ಲಿ ಒಬ್ಬರೇ ಟಿವಿ ಮುಂದೆ ಕಳೆಯಬೇಡಿ, ಭಜನೆಯೋ ಕತೆಯೋ ನಡೆಯುವಲ್ಲಿ ಹೋಗಿ ಚಾಪೆಯ ತುದಿಯಲ್ಲಿ ಕೂತರೂ ಆಯಿತು.

ಕಾಮನ ಹುಣ್ಣಿಮೆಯ ಬಗ್ಗೆ ಸ್ವಲ್ಪ ಗಟ್ಟಿಯಾಗೇ ಹೇಳಬೇಕು. ಮಕ್ಕಳು ಕಟ್ಟಿಗೆ, ಬೆರಣಿ, ಚಂದಾ ಅಂತ ಬಾಗಿಲಿಗೆ ಬರುತ್ತಾರೆ. ಬೈದು ಕಳಿಸಬೇಡಿ, ಏನಾದರೂ ಕೊಡಿ. ಬೀದಿಯ ಮಕ್ಕಳಿಗೆ ನಿಮ್ಮ ಹೆಸರು ಗೊತ್ತಾಯಿತು ಅಂದರೆ ಅರ್ಧ ಊರಿಗೆ ಗೊತ್ತಾದ ಹಾಗೆ. ಆದರೆ ಹಳೇ ಟೈರು, ಪ್ಲಾಸ್ಟಿಕ್ಕು, ಮುರಿದ ಸೋಫಾದ ರೆಕ್ಸಿನ್ನು ಬೆಂಕಿಗೆ ಕೊಡಬೇಡಿ, ಆ ಹೊಗೆ ಪಕ್ಕದ ಮನೆಯ ದಮ್ಮಿನ ಅಜ್ಜನಿಗೆ ವಿಷ. ವಿದ್ಯುತ್ ತಂತಿಯ ಕೆಳಗೆ ಬೆಂಕಿ ಹಾಕಲು ಬಿಡಬೇಡಿ. ಬಣ್ಣಕ್ಕೆ ಈ ಕಾಲದಲ್ಲೇ ಸುತ್ತಿನ ಕುರುಚಲು ಕಾಡಲ್ಲಿ ಮುತ್ತುಗ ಕೆಂಪಗೆ ಹೂಬಿಟ್ಟಿರುತ್ತದೆ. ಕೆಳಗೆ ಉದುರಿದ ಹೂ ಆರಿಸಿ ತಂದು ರಾತ್ರಿ ಬಿಸಿನೀರಲ್ಲಿ ನೆನೆಹಾಕಿದರೆ ಬೆಳಿಗ್ಗೆ ಕಿತ್ತಳೆ ಬಣ್ಣದ ನೀರು ಸಿದ್ಧ. ಆಡುವ ಮೊದಲು ಮುಖಕ್ಕೆ, ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಿ. ಒಲ್ಲೆ ಅಂದವರಿಗೆ ಬಣ್ಣ ಹಾಕಬೇಡಿ, ಅದರಲ್ಲೂ ಹೆಣ್ಣುಮಕ್ಕಳಿಗೆ. ಹುಡುಗರೇ, ಬಣ್ಣ ತೊಳೆಯಲು ಅಂತ ತುಂಗೆಗೋ ಭದ್ರಾ ನಾಲೆಗೋ ಇಳಿಯಬೇಡಿ. ಹೊಸ ಊರಿನ ನೀರು, ಸುಳಿ ಎಲ್ಲಿದೆ, ಆಳ ಎಷ್ಟು ನಿಮಗೆ ತಿಳಿಯದು. ನಾಲೆಯ ದಡ ಜಾರುತ್ತದೆ, ನೀರಿನ ಸೆಳೆತಕ್ಕೆ ಈಜು ಬಂದವರೂ ಕೈಸೋಲುತ್ತಾರೆ. ಬಚ್ಚಲಲ್ಲೇ ಎರಡು ಬಕೆಟ್ ನೀರು ಹಾಕಿಕೊಳ್ಳಿ. ನಿಮ್ಮ ಅಮ್ಮ ಇಲ್ಲಿಲ್ಲ ಅಂತ ನಾನು ಹೇಳುತ್ತಿದ್ದೇನೆ. ಹಾಗೇ ಮಾರ್ಚ್ ಅಂದರೆ ಮಕ್ಕಳ ಪರೀಕ್ಷೆಯ ಕಾಲ. ಮೇಲಿನ ಮನೆಯಲ್ಲಿ ಎಸ್ಸೆಸ್ಸೆಲ್ಸಿ ಹುಡುಗಿ ಓದುತ್ತಿರುವಾಗ ನೀವು ರಾತ್ರಿ ಹತ್ತಕ್ಕೆ ಸ್ಪೀಕರ್ ಹಚ್ಚಿದರೆ ಆಮೇಲೆ ಯಾವ ಹೋಳಿಗೆ ಕೊಟ್ಟರೂ ಆ ಮನೆ ಒಲಿಯುವುದಿಲ್ಲ.

ಊರಿಗೆ ಹೋಗಬೇಕೋ ಬೇಡವೋ ಅನ್ನುವ ಪ್ರಶ್ನೆ ಪ್ರತಿ ವರ್ಷ ಬರುತ್ತದೆ. ಯುಗಾದಿ ಒಂದೇ ತಾರೀಖಿಗೆ ಬರುವ ಹಬ್ಬವಲ್ಲ, 2024ರಲ್ಲಿ ಏಪ್ರಿಲ್ 9ಕ್ಕೆ ಬಂತು, 2025ರಲ್ಲಿ ಮಾರ್ಚ್ 30ಕ್ಕೆ. ಪಂಚಾಂಗ ನೋಡಿ ಮೊದಲೇ ರಜೆ ಹಾಕಿ, ಬಸ್ಸೋ ರೈಲೋ ಮೊದಲೇ ಗೊತ್ತು ಮಾಡಿಕೊಳ್ಳಿ. ಹೊಸ ಮದುವೆಯವರನ್ನು ಮೊದಲ ವರ್ಷ ತವರಿಗೆ ಕರೆಯುವ ಪದ್ಧತಿ ಇದೆ, ಅವರು ಹೋಗಿ ಬರಲಿ. ಆದರೆ ಪ್ರತಿ ಹಬ್ಬಕ್ಕೂ ಮನೆಗೆ ಬೀಗ ಹಾಕಿ ಹೊರಟರೆ ಈ ಮನೆ ಎಂದೂ ನಿಮ್ಮದಾಗುವುದಿಲ್ಲ. ಹಬ್ಬದ ದೀಪ ಕಾಣದ ಮನೆ ಬಾಡಿಗೆ ಮನೆಯಾಗಿಯೇ ಉಳಿಯುತ್ತದೆ ಅನ್ನುವುದು ನನ್ನ ಅಭಿಪ್ರಾಯ. ಎರಡು ವರ್ಷಕ್ಕೊಮ್ಮೆಯಾದರೂ ಯುಗಾದಿ ಇಲ್ಲೇ ಮಾಡಿ, ಸಾಧ್ಯವಾದರೆ ಅಪ್ಪ ಅಮ್ಮನನ್ನೇ ಇಲ್ಲಿಗೆ ಕರೆಸಿಕೊಳ್ಳಿ.

ಮಗನ ಮನೆಗೆ ಬಂದ ಹಿರಿಯರಿಗೆ ಬೇರೆಯೇ ಹೇಳಬೇಕು. ನಿಮಗೆ ತಿಳಿದಷ್ಟು ಈ ಅಪಾರ್ಟ್‌ಮೆಂಟಿನಲ್ಲಿ ಯಾರಿಗೂ ತಿಳಿದಿಲ್ಲ. ತೋರಣ ಕಟ್ಟುವುದು, ಮಿಡಿಮಾವಿನ ಉಪ್ಪಿನಕಾಯಿಗೆ ಉಪ್ಪಿನ ಅಳತೆ, ಯುಗಾದಿಯ ಸಂಜೆ ಪಂಚಾಂಗ ಓದುವುದು, ಬಿದಿಗೆ ಚಂದ್ರನನ್ನು ಪಡುವಣದಲ್ಲಿ ಯಾವ ಮೂಲೆಗೆ ಹುಡುಕಬೇಕು ಅನ್ನುವುದು. ಸೊಸೆಗೆ ಬೇಡವಾದರೆ ಬೇಡ, ಕೆಳಗಿನ ಮನೆಯ ಹುಡುಗಿಗೆ ಬೇಕಾಗಿದೆ, ಹೇಳಿಕೊಡಿ. ಮನೆ ಬಿಕೋ ಅನ್ನುವಾಗ ರೇಡಿಯೊ ಹಚ್ಚಿಡಿ. ಭದ್ರಾವತಿ ಆಕಾಶವಾಣಿ 1965ರಿಂದ ಈ ಸೀಮೆಯ ಅಡುಗೆಮನೆಗಳಲ್ಲಿ ಮಾತಾಡುತ್ತಿದೆ, ಎಫ್‌ಎಂ 103.5ರಲ್ಲಿ ಸಿಗುತ್ತದೆ. ಹಬ್ಬದ ದಿನ ಕನ್ನಡದ ದನಿಯೊಂದು ಮನೆಯಲ್ಲಿ ಓಡಾಡುತ್ತಿದ್ದರೆ ಕೈಕೆಲಸ ಸಾಗುತ್ತದೆ.

ಮನೆಯಲ್ಲಿ ಆ ವರ್ಷ ಸಾವಾಗಿ ಹಬ್ಬವಿಲ್ಲದವರು ಬಾಗಿಲು ಹಾಕಿಕೊಂಡು ಕೂರುತ್ತಾರೆ. ಅಕ್ಕಪಕ್ಕದವರಿಗೆ ವಿಷಯ ತಿಳಿಸಿ. ನಮ್ಮಲ್ಲಿ ಹಬ್ಬವಿಲ್ಲದ ಮನೆಗೆ ಬೇರೆ ಮನೆಯವರು ಅಡುಗೆ ಕೊಂಡುಹೋಗಿ ಕೊಡುವುದಿದೆ, ಹೇಳದಿದ್ದರೆ ಅವರಿಗೆ ಹೇಗೆ ತಿಳಿಯಬೇಕು? ಇನ್ನು, ಹಬ್ಬ ಕಳೆದು ವಾರಗಳಾದರೂ ಊಟ ಸೇರದೆ, ನಿದ್ದೆ ಬಾರದೆ, ಏಳಲು ಮನಸ್ಸಾಗದೆ ಇದ್ದರೆ ಅದನ್ನು ತವರಿನ ನೆನಪು ಅಂತ ತಳ್ಳಿಹಾಕಬೇಡಿ. ಮನೆಯವರಿಗೆ ಹೇಳಿ, ವೈದ್ಯರನ್ನು ಕಾಣಿ. 14416ಕ್ಕೆ ಕರೆ ಮಾಡಿದರೆ ಸರ್ಕಾರದ ಟೆಲಿ ಮಾನಸ್‌ನವರು ಹಗಲು ರಾತ್ರಿ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಜ್ವರಕ್ಕೆ ಮಾತ್ರೆ ನುಂಗಲು ನಾಚುವುದಿಲ್ಲ ತಾನೆ, ಇದಕ್ಕೂ ನಾಚಬೇಡಿ.

ಹಳಬರಿಗೂ ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ಕಾಗದದ ಕಾರ್ಖಾನೆ ನಿಂತ ಮೇಲೆ ಪೇಪರ್ ಟೌನಿನಲ್ಲಿ ಒಂದೊಂದೇ ಮನೆ ಖಾಲಿಯಾಗಿದ್ದನ್ನು ನೀವು ಕಣ್ಣಾರೆ ಕಂಡಿದ್ದೀರಿ. ಪಕ್ಕದ ಮನೆಯಲ್ಲಿ ಯಾರೋ ಹೊಸಬರು ದೀಪ ಹಚ್ಚಿದರೆ ಅದು ನಿಮ್ಮ ಬೀದಿಗೂ ಲಾಭ. ಅವರು ಬಂದು ಕೇಳಲಿ ಅಂತ ಕಾಯಬೇಡಿ, ಮಾವಿನೆಲೆ ಕೊಯ್ಯುವಾಗ ಎರಡು ಕುಡಿ ಹೆಚ್ಚಿಗೆ ಕೊಯ್ದು ಅವರ ಗೇಟಿಗೆ ಸಿಕ್ಕಿಸಿ.

ಮತ್ತೆ ನಿಮ್ಮ ಹತ್ತಿರ ಬರುತ್ತೇನೆ. ಯಾರ ಮನೆಯಿಂದ ಡಬ್ಬಿ ಬಂದರೂ ಖಾಲಿ ಡಬ್ಬಿ ತಿರುಗಿಸಬೇಡಿ. ಏನೂ ಮಾಡಿರದಿದ್ದರೆ ಒಂದು ಹಿಡಿ ಸಕ್ಕರೆ, ಎರಡು ಬಾಳೆಹಣ್ಣು ಹಾಕಿ. ತಿಂಗಳುಗಟ್ಟಲೆ ಇಟ್ಟುಕೊಳ್ಳಲೂ ಬೇಡಿ, ಆ ಡಬ್ಬಿಗೆ ಅವರ ಮನೆಯಲ್ಲಿ ಜೋಡಿ ಇರುತ್ತದೆ, ಅವರು ಹುಡುಕುತ್ತಿರುತ್ತಾರೆ. ಕೊಡುವಾಗ ಬಾಗಿಲಲ್ಲೇ ನಿಂತು ಕೊಟ್ಟು ಓಡಿ ಬರಬೇಡಿ. ಕೂತ್ಕೊಳ್ಳಿ ಅಂದರೆ ಐದು ನಿಮಿಷ ಕೂತು ಬನ್ನಿ.

ರಾಮನವಮಿಯ ಹೊತ್ತಿಗೆ ನಿಮಗೆ ಬೀದಿಯಲ್ಲಿ ನಾಲ್ಕು ಮನೆ ಗುರುತಾಗಿರಬೇಕು. ಅವತ್ತು ಎಷ್ಟೋ ವೃತ್ತಗಳಲ್ಲಿ, ದೇವಸ್ಥಾನದ ಮುಂದೆ ಪಾನಕ, ಮಜ್ಜಿಗೆ, ಕೋಸಂಬರಿ ಹಂಚುತ್ತಾರೆ. ಲೋಟ ಹಿಡಿದು ಕುಡಿಯಲು ಮಾತ್ರ ಹೋಗಬೇಡಿ. ಹಿಂದಿನ ದಿನವೇ ಯಾರು ಮಾಡಿಸುತ್ತಾರೆ ವಿಚಾರಿಸಿ, ಬೆಳಿಗ್ಗೆ ಎಂಟಕ್ಕೆಲ್ಲ ನಿಮ್ಮದೇ ಚಾಕು, ಮಣೆ ತೆಗೆದುಕೊಂಡು ಹೋಗಿ. ಸೌತೆಕಾಯಿ ಹೆಚ್ಚಲು, ಏಲಕ್ಕಿ ಕುಟ್ಟಲು, ಬೆಲ್ಲ ಕರಗಿಸಿ ಸೋಸಲು ಕೈ ಯಾವಾಗಲೂ ಕಡಿಮೆ ಇದ್ದೇ ಇರುತ್ತದೆ. ಹನ್ನೊಂದಕ್ಕೆ ಹೋದರೆ ಕೆಲಸ ಮುಗಿದಿರುತ್ತದೆ.